ಆರಿದ ಜ್ವಾಲಾಮುಖಿಗೆ ನಂಗಲಿ ದಾರಿ: ಬಳಕೆದಾರರ ಕೈಪಿಡಿ

ಮೊದಲು ನಂಗಲಿಯಲ್ಲಿ ಇಳಿಯಿರಿ. ಕನ್ನಡದಲ್ಲಿ ದಾರಿ ಕೇಳಿ; ತೆಲುಗಿನಲ್ಲಿ ಉತ್ತರ ಬಂದರೆ ಗಾಬರಿ ಬೇಡ, ಆಂಧ್ರದ ಗಡಿ ಹತ್ತಿರವಿದೆ ಅಷ್ಟೆ. ಹೊಯ್ಸಳ ವಿಷ್ಣುವರ್ಧನನ ಶಾಸನಗಳಿಗೆ ರಾಜ್ಯದ ಮೂಡಣ ಎಲ್ಲೆ ನಂಗಲಿ. ನಿಮಗೆ ಇಲ್ಲಿಂದಲೇ ಶುರು, ಮುಖ ಪಡುವಣಕ್ಕೆ.

ಹವಾಯಿಯ ಜ್ವಾಲಾಮುಖಿಗೆ 1916ರಿಂದ ರಾಷ್ಟ್ರೀಯ ಉದ್ಯಾನದ ಮರ್ಯಾದೆಯಿದೆ. ನಮ್ಮದಕ್ಕೆ ಗೇಟಿಲ್ಲ, ಟಿಕೆಟ್ಟಿಲ್ಲ, ಹೊಗೆಯೂ ಇಲ್ಲ. ಬೆಂಕಿ ಆರಿ ಸುಮಾರು 270 ಕೋಟಿ ವರ್ಷವಾಯಿತು. ತಡವಾಗಿದ್ದಕ್ಕೆ ಡ್ರೈವರನ್ನು ಬೈಯಬೇಡಿ.

ಮುಳಬಾಗಿಲಲ್ಲಿ ದೋಸೆ ಕಡ್ಡಾಯ. ಹೊರಗೆ ಗರಿಗರಿ, ಒಳಗೆ ಹತ್ತಿಯಷ್ಟು ಮೆತ್ತಗೆ. ಬೆರಳಿನಿಂದ ಒತ್ತಿ ನೋಡಿ, ನೆನಪಿಟ್ಟುಕೊಳ್ಳಿ; ಮುಂದೆ ಕಲ್ಲು ನೋಡುವಾಗ ಬೇಕಾಗುತ್ತದೆ.

ದಾರಿಯುದ್ದಕ್ಕೂ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ, ಕೆರೆ, ಮಾವಿನ ತೋಪು, ಟೊಮೆಟೊ ಹೊಲ. ಗುಹೆ ಕಂಡಲ್ಲೆಲ್ಲ ನುಗ್ಗಬೇಡಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗುಹೆಯಲ್ಲಿರುವ, 1994ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಎಲೆಮೂಗಿನ ಬಾವಲಿಗೆ ಬೇರೆಲ್ಲೂ ಮನೆಯಿಲ್ಲ. ಉಳಿದಿರುವುದೂ ಕೆಲವೇ ನೂರು. ಸೆಲ್ಫಿಗೆ ಅದು ಒಪ್ಪುವುದಿಲ್ಲ.

ಚಿನ್ನದ ಗಣಿಯ ಊರು ಕೆಜಿಎಫ್ ಹತ್ತಿರ ನೆತ್ತಿ ಚಪ್ಪಟೆಯಾದ ಬೂದುಬಣ್ಣದ ದಿಬ್ಬಗಳು ಕಂಡರೆ ಕೈ ಮುಗಿಯಬೇಡಿ. ನಾನು ಮೊದಲ ಸಲ ಫೋಟೊ ತೆಗೆದು, 'ಇದೇ ಜ್ವಾಲಾಮುಖಿ' ಎಂದು ನೆಂಟರಿಗೆಲ್ಲ ಕಳಿಸಿದ್ದೆ. ಅದು ಸೈನೈಡ್ ದಿಬ್ಬ: ಅದಿರು ಅರೆದು ಚಿನ್ನ ಸೋಸಿದ ಮೇಲೆ ಮಿಕ್ಕ ಹುಡಿ. ಆದರೂ ನೆಂಟಸ್ತಿಕೆ ಪೂರ್ತಿ ಸುಳ್ಳಲ್ಲ. ಇಲ್ಲಿ ನೆಲದಡಿಯ, ಲಾವಾದಿಂದಾದ ಕರಿಕಲ್ಲಿನ ಬಿರುಕುಗಳಲ್ಲಿ ಬಿಸಿನೀರು ಹರಿದು, ಬೆಣಚುಕಲ್ಲಿನ ಜೊತೆ ಚಿನ್ನ ಬಿಟ್ಟುಹೋಯಿತು. ಅದರ ಬೆನ್ನು ಹತ್ತಿ ಜನ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಅಸಲು ವಸ್ತು ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿದೆ. ಅಲ್ಲಿನ ಜ್ವಾಲಾಮುಖಿ ಶಿಲೆ, ದಿಂಬುಲಾವಾಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುತ್ತಿಗೆ ಚೀಲದಲ್ಲೇ ಇರಲಿ. ಕುಕ್ಕರುಗಾಲಲ್ಲಿ ಕೂತು, ದಿಂಬು ಒಟ್ಟಿದ ಹಾಗಿರುವ ಉಬ್ಬುಗಳನ್ನು ಹುಡುಕಿ. ಲಾವಾ ನೀರಿನೊಳಗೆ ಉಕ್ಕಿದಾಗ ಮೈ ತಕ್ಷಣ ಗಟ್ಟಿ, ಹೊಟ್ಟೆ ಇನ್ನೂ ಕುದಿತ. ಸಿಪ್ಪೆ ಬಿರಿದು ಇನ್ನೊಂದು ದಿಂಬು ಹೊರಗೆ ಜಾರಿತು. ಅಂದರೆ ನೀವು ಕೂತಿರುವುದು ನೀರಿನ ತಳದಲ್ಲಿ. ಹತ್ತಿರದಲ್ಲಿ ಮೇಕೆಯೊಂದು ಜಾಲಿಕಾಯಿ ಜಗಿಯುತ್ತಿರುತ್ತದೆ.

ಈಗ ಬೆಳಗಿನ ದೋಸೆಯನ್ನು ನೆನಪಿಸಿಕೊಂಡು ಕಲ್ಲನ್ನು ಬೆರಳಿನಿಂದ ಒತ್ತಿ. ಒಳಗೂ ಗಟ್ಟಿಯೇ.