ಎರಡೂ ಕಡಿ ಕಿಸೆ

ವಿಜಯಪುರದಲ್ಲಿ ನೆಲೆಸಿದ ತಿಕೋಟಾ, ಬಬಲೇಶ್ವರ ಮಂದಿಯ ಸಂಘ. ಸಂಕ್ರಾಂತಿ ಕೂಟದ ಪೂರ್ವಭಾವಿ ಸಭೆ. ಮಿರ್ಚಿ ಭಜಿ ಬಂದ ಮೇಲೆಯೇ ಕೋರಂ ಆದದ್ದು.

"ಮಾಸ್ತರ, ಸೇವಾರತ್ನ ಪಟ್ಟಿ ಆತೇನ್ರಿ?"

"ಆತ್ರಿ ಸಾವ್ಕಾರ್ರ. ಹನ್ನೊಂದು ಮಂದಿ. ಎಲ್ಲಾರೂ ಕಮಿಟಿಯವ್ರ."

"ಹೊರಗಿನವ್ರು ಒಬ್ರರ ಬೇಕಲಾ?"

"ಒಬ್ಬಾಕಿ ಅದಾಳ್ರಿ. ದವಾಖಾನಿ ಮುಂದ ಬಡವ್ರಿಗೆ ದಿನಾ ರೊಟ್ಟಿ-ಝುಣಕ ಹಂಚತಾಳ. ಕರದ್ರ, 'ಅವತ್ತ ರೊಟ್ಟಿ ಬಡಿಯಾವ್ರು ಯಾರು?' ಅಂದ್ಲು."

"ಏನ್ ಸೊಕ್ಕ! ಹೆಸ್ರು ತಗದ್ಬಿಡ್ರಿ. ಊಟದ ರೊಟ್ಟಿ ಆರ್ಡರ್ ಮಾತ್ರ ಅಕೀಗೇ ಕೊಡ್ರಿ, ಸ್ವಸ್ತ ಬೀಳತೈತಿ."

"ಬ್ಯಾನರಿಗೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವ್ರ ಫೋಟೋ?"

"ಹಾಕ್ರಿ ಮತ್ತ! ನಮ್ಮ ತಿಕೋಟಾ ಭಾಗದ ಬಿಜ್ಜರಗಿಯವ್ರು. ನಮ್ಮ ಹನ್ನೊಂದು ಫೋಟೋ ಹಿಡಿಸಿ, ಜಾಗಾ ಉಳದ್ರ ಮೂಲ್ಯಾಗ."

"ಸನ್ಮಾನದ ಪಾಕೀಟ ಇಡಾಕ ಎಲ್ಲಾರಿಗೂ ಹೊಸಾ ಜುಬ್ಬಾ ಅಂದಿದ್ರಿ..."

"ಎರಡೂ ಕಡಿ ಕಿಸೆ ಇಡಾಕ ಹೇಳ್ರಿ."

ಮಾಸ್ತರರು ಬರೆದುಕೊಂಡರು. ಅಂದಹಾಗೆ, ಅಪ್ಪಾವರ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಅವರು ಒಲ್ಲೆ ಅಂದಿದ್ದರು.