ಐದೂವರೆ ಗಂಟೆಯ ಅಂತರ

ಕೊಟ್ಟೂರಿನ ತೇರು ಮೂಲಾ ನಕ್ಷತ್ರಕ್ಕೆ ಕಾಯುವಂತೆ, ಹವ್ಯಾಸಿ ರೇಡಿಯೋದವರಾದ ನಾವು ದೂರದೇಶದ ಕ್ಷೀಣಧ್ವನಿಗಾಗಿ ಇರುಳೆಲ್ಲ ಕಾಯುವವರು. ಹೋದ ಮಾಘದಲ್ಲೊಮ್ಮೆ ಬೆಳಗಿನ ಜಾವ ಮೂರಕ್ಕೆ ಇಟಲಿಯವನೊಬ್ಬನೊಡನೆ ಸಂಭಾಷಿಸಿ ಗಣಕದಲ್ಲಿ ನಮೂದಿಸಿದರೆ, ಅದು ಹಿಂದಿನ ದಿನದ ತಾರೀಖನ್ನೂ 21:30 ಎಂಬ ವೇಳೆಯನ್ನೂ ತೋರಿಸಿತು. ಯಂತ್ರಕ್ಕೆ ಮರುಳು ಹಿಡಿಯಿತೆಂದು ಭಾವಿಸಿ ಗಡಿಯಾರವನ್ನು ಐದೂವರೆ ಗಂಟೆ ಮುಂದೆ ತಳ್ಳಿದೆನು. ಜಗತ್ತಿನ ರೇಡಿಯೋ ಹವ್ಯಾಸಿಗಳೆಲ್ಲರೂ ಯುಟಿಸಿ ಎಂಬ ಏಕಕಾಲವನ್ನೇ ಬರೆಯುವರೆಂಬುದೂ, ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಎಂಬ ಅಂತರ್ಜಾಲದ ದಾಖಲೆಯಲ್ಲಿ ಇಬ್ಬರ ವೇಳೆಯೂ 30 ನಿಮಿಷಗಳೊಳಗೆ ಹೊಂದದಿದ್ದರೆ ಸಂಪರ್ಕವೇ ದೃಢಪಡದೆಂಬುದೂ ಹೊಳೆಯುವಷ್ಟರಲ್ಲಿ, ತಿಂಗಳೊಂದರ ಸಂಪರ್ಕಗಳೆಲ್ಲ ಅನಾಥವಾಗಿದ್ದವು.

ನಡುರಾತ್ರಿಗೇ ದಿನ ಬದಲಾಗಬೇಕಲ್ಲವೇ ಎಂದು ನಾನು ಗೊಣಗುತ್ತಿರಲು, ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಜ್ಜಿ, “ಹೊತ್ತು ಹುಟ್ಟದ ದಿನ ಹೆಂಗ ಬದ್ಲಾಗ್ತೈತೋ ತಮ್ಮಾ?” ಎಂದಳು. ಪಂಚಾಂಗದ ವಾರ ತಿರುಗುವುದು ಸೂರ್ಯೋದಯಕ್ಕೆ. ಯುಟಿಸಿಯ ತಾರೀಖು ತಿರುಗುವುದು ನಮ್ಮ ಬೆಳಗಿನ ಐದೂವರೆಗೆ. ಹಡಗಲಿಯಾಚೆ ಹೆಚ್ಚು ಕಾಣದ ಅಜ್ಜಿಯೂ ಗ್ರೀನಿಚ್ಚಿನ ಪಂಡಿತರೂ ಹೀಗೆ ಹೆಚ್ಚುಕಡಿಮೆ ಒಂದಾಗಿಬಿಟ್ಟರಲ್ಲ! ನಾನು ಮಾತ್ರ, ಆರಿದ ಮಂಡಕ್ಕಿಯನ್ನು ಮೆಲ್ಲುತ್ತ, ನಮೂದುಗಳನ್ನು ಒಂದೊಂದಾಗಿ ಐದೂವರೆ ಗಂಟೆ ಹಿಂದಕ್ಕೆಳೆಯುತ್ತ ಕುಳಿತೆನು.