ಮೀನು ಮಗುಚುವ ಮುಹೂರ್ತ

ಬಿಳಿ ಮೀನಿಗೆ ನಿಂಬೆಹಣ್ಣು ಯಾಕೆ ಹಿಂಡಬೇಕು ಎಂದು ಅಡುಗೆ ಬಲ್ಲವರನ್ನು ಕೇಳಿದರೆ ರುಚಿಗೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆಗಿರುವ ಕುಂದಾಪುರದವನನ್ನು ಕೇಳಿ ನೋಡಿ, ಓನರಮ್ಮನಿಗೆ ಎನ್ನುತ್ತಾನೆ. ಸತ್ತ ಕಡಲ ಮೀನಿನ ಮೈಯಲ್ಲಿ ಬ್ಯಾಕ್ಟೀರಿಯಾಗಳು ಟ್ರೈಮಿಥೈಲಮೈನ್ ಎಂಬುದೊಂದನ್ನು ಹುಟ್ಟಿಸುತ್ತವೆ. ನಮ್ಮ ಅಡುಗೆಮನೆಯಿಂದ ಹೊರಟು, ಮೆಟ್ಟಿಲಿಳಿದು, ಕೆಳಗಿನ ಮನೆಯ ಕಿಟಕಿ ಹೊಗುವ ವಾಸನೆ ಅದರದ್ದೇ. ನಿಂಬೆಯ ಸಿಟ್ರಿಕ್ ಆಮ್ಲ ತಗುಲಿದರೆ ಅದು ಗಾಳಿಗೇಳಲಾರದ ಲವಣವಾಗಿ ಕೂತಲ್ಲೇ ಕೂರುತ್ತದೆ. ನಾನು ಓದಿದ್ದು ಬಿ.ಕಾಂ. ಈ ರಸಾಯನಶಾಸ್ತ್ರವನ್ನೆಲ್ಲ ಕಲಿಸಿದ್ದು ಬಾಡಿಗೆ ಕರಾರು.

ನಮ್ಮ ಓನರಮ್ಮ ಒಳ್ಳೆಯವರೇ. ಮನೆ ಕೊಡುವ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಮೊಟ್ಟೆ ಪರವಾಗಿಲ್ಲ, ಕೋಳಿಯಾದರೆ ಕಿಟಕಿ ಹಾಕಿಕೊಳ್ಳಿ, ಮೀನು ಮಾತ್ರ ಬೇಡಪ್ಪಾ. ನಾನು ತಲೆಯಾಡಿಸಿದ್ದೆ. ಆ ಆಡಿಸಿದ್ದು ಹೌದೆಂದೋ ಅಲ್ಲವೆಂದೋ ಎಂಬುದನ್ನು ಈವರೆಗೆ ಯಾರೂ ಖಚಿತಪಡಿಸಿಕೊಂಡಿಲ್ಲ.

ತೆಂಗಿನೆಣ್ಣೆಯಲ್ಲಿ ಮೀನು ಕಾಯಿಸುವ ಮಾತು ಹೀಗೆ ಮೊದಲೇ ಬಿದ್ದುಹೋಯಿತು. ಆ ವಾಸನೆಯ ಸುದ್ದಿ ಮೂರು ಬೀದಿ ದಾಟುತ್ತದೆ. ಅಷ್ಟರಲ್ಲಿ ಮಗಳು ಫೋನಿನಲ್ಲಿ ಒಂದು ಅಡುಗೆ ತೋರಿಸಿದಳು. ಬಿಳಿ ಮೀನು, ನಿಂಬೆಹಣ್ಣು, ಹಸಿ ಸೊಪ್ಪು, ಒಂದು ಚಮಚ ಎಣ್ಣೆ, ಕೆಂಡ. ಮಸಾಲೆ ಇಲ್ಲ, ಒಗ್ಗರಣೆ ಇಲ್ಲ, ಕೆಮ್ಮು ಬರಿಸುವ ಬ್ಯಾಡಗಿ ಘಾಟಿಲ್ಲ. ಯಾರೋ ಬಾಡಿಗೆದಾರನೇ ಕೂತು ಬರೆದ ಹಾಗಿತ್ತು. ಮನೆಯೊಳಗೆ ಸುಟ್ಟರೆ ಹೊಗೆ ತುಂಬುತ್ತದೆಂದು ತಾರಸಿಯ ಮೇಲೆಯೇ ಮಾಡುವುದೆಂದು ತೀರ್ಮಾನಿಸಿದೆ. ಕದ್ದು ತಿನ್ನಬೇಕಾದ ಮೀನನ್ನು ಊರಿಗೆಲ್ಲ ಕಾಣುವ ಜಾಗದಲ್ಲಿ ಬೆಂಕಿ ಹಾಕಿ ಸುಡುವ ಈ ಉಪಾಯದ ಸೊಗಸು ನನ್ನ ಹೆಂಡತಿಗೆ ಹೊಳೆಯಲಿಲ್ಲ. ಅವಳು ಮಂಡ್ಯದವಳು.

ಇಷ್ಟೆಲ್ಲ ಹುಕಿ ಬಂದದ್ದು ಜುಲೈಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ. ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರದ ನಿಷೇಧ. ನಾಡದೋಣಿಗಳು ಕಡಲು ಬಿಟ್ಟಷ್ಟು ದೂರ ಹೋಗಿ ತಂದಷ್ಟೇ ಮೀನು. ಉಳಿದ ಹತ್ತು ತಿಂಗಳು ತೆಪ್ಪಗಿದ್ದವನಿಗೆ ಮೀನಿನ ಬೆಲೆ ನೆತ್ತಿಗೇರಿದಾಗಲೇ ಹಸಿವಾಗಬೇಕೆ? ರಸೆಲ್ ಮಾರ್ಕೆಟ್ಟಿಗೆ ಹೋದೆ. ಫೋನಿನಲ್ಲಿ ಹೇಳಿದ್ದ ಕಾಡ್, ಹ್ಯಾಲಿಬಟ್‌ಗಳೆಲ್ಲ ತಣ್ಣನೆಯ ದೂರದ ಕಡಲಿನವು. ಒಬ್ಬ ಬಾಸಾ ತೋರಿಸಿದ. ವಿಯೆಟ್ನಾಮಿನ ಮೆಕಾಂಗ್ ನದಿಯ ಕಡೆಯ ಸಾಕುಮೀನು. ಬೆಳ್ಳಗಿದೆ, ಮುಳ್ಳಿಲ್ಲ, ವಾಸನೆಯಿಲ್ಲ, ಯಾವ ವಿಷಯದಲ್ಲೂ ಸ್ವಂತ ಅಭಿಪ್ರಾಯವಿಲ್ಲ. ಓನರಮ್ಮನೂ ಒಪ್ಪಬಹುದಾದ ಮೀನು. ಅದಕ್ಕೇ ಬೇಡವೆನ್ನಿಸಿತು. ಕಾಣೆ ಇತ್ತು, ಆದರೆ ಕಾಣೆಯನ್ನು ರವೆ ಹಚ್ಚಿ ಕಾಯಿಸದೆ ಸುಟ್ಟರೆ ಮತ್ತೆ ಕುಂದಾಪುರದಲ್ಲಿ ಬಸ್ಸಿಳಿಯುವ ಹಾಗಿಲ್ಲ. ಕೊನೆಗೆ ಕಿವಿರು ಎತ್ತಿ, ಕಣ್ಣು ನೋಡಿ, ಬೆರಳಿನಲ್ಲಿ ಒತ್ತಿ, ಒಂದು ಮಾಂಜಿ ಆರಿಸಿದೆ. ಬೆಲೆಯನ್ನು ಮನೆಯಲ್ಲಿ ಅರ್ಧ ಹೇಳಿದೆ.

ಉಳಿದ ಸಿದ್ಧತೆ ಬೇಗ ಮುಗಿಯಿತು. ಅಟ್ಟದ ಮೇಲೆ ಅತ್ತೆಯವರ ಕಾಲದ ಅಗ್ಗಿಷ್ಟಿಕೆ ಇತ್ತು. ಇದ್ದಿಲಿಗೆ ಬೀದಿ ಮೂಲೆಯ ಇಸ್ತ್ರಿಯವನ ಹತ್ತಿರ ಹೋದರೆ, ‘ಮನೇಲೇ ಇಸ್ತ್ರಿ ಮಾಡ್ಕೊತೀರಾ ಸಾರ್?’ ಎಂದು ಮುಖ ಸಣ್ಣ ಮಾಡಿಕೊಂಡೇ ಕೊಟ್ಟ. ಸೊಪ್ಪಿನ ಪೈಕಿ ಪಾರ್ಸ್ಲಿ ಬದಲು ಕೊತ್ತಂಬರಿ. ಡಿಲ್ ಎಂದರೆ ನಮ್ಮ ಸಬ್ಬಸಿಗೆಯೇ. ಸ್ವೀಡನ್ನಿನವರು ಉಪ್ಪು ಸಕ್ಕರೆಯ ಜೊತೆ ಇದನ್ನೇ ಸಾಲ್ಮನ್ ಮೀನಿಗೆ ಹಚ್ಚಿಡುತ್ತಾರೆ ಎಂದದ್ದಕ್ಕೆ, ಅಕ್ಕಿರೊಟ್ಟಿಗೆಂದು ಕಟ್ಟು ಬಿಡಿಸುತ್ತಿದ್ದ ಹೆಂಡತಿ ಸ್ವೀಡನ್ ದೇಶದ ಬಗ್ಗೆಯೇ ಅನುಮಾನದಿಂದ ನೋಡಿದಳು. ಒರೆಗಾನೊ ಬದಲಿಗೆ ದೊಡ್ಡಪತ್ರೆ. ಎರಡರ ಘಮಕ್ಕೂ ಕಾರಣ ಕಾರ್ವಕ್ರಾಲ್ ಎಂಬ ಒಂದೇ ಎಣ್ಣೆಯಂಶ. ಅದನ್ನು ತಾರಸಿಯ ಕುಂಡದಿಂದ ಕಿತ್ತೆ. ಕುಂಡ ಓನರಮ್ಮನದು.

ನಿಂಬೆಹಣ್ಣು ಹೋಳು ಮಾಡಿ ಮೀನಿನ ಸುತ್ತ ಕೈಯಾಡಿಸುತ್ತಿದ್ದರೆ ಹೆಂಡತಿ, ‘ರೀ, ಹಚ್ತಿದೀರೋ, ದೃಷ್ಟಿ ತೆಗೀತಿದೀರೋ?’ ಎಂದಳು. ಹೆಚ್ಚು ಹೊತ್ತು ಹುಳಿಯಲ್ಲಿ ಬಿಟ್ಟರೆ ಬೆಂಕಿ ಕಾಣುವ ಮೊದಲೇ ಮೀನು ಬೆಳ್ಳಗೆ ಬಿಗಿದುಕೊಳ್ಳುತ್ತದೆ, ಪೆರುವಿನ ಸೆವಿಚೆ ಹಾಗೇ ಆಗುವುದು. ಕಾಲು ಗಂಟೆಯಲ್ಲಿ ಎತ್ತಿ, ಒರೆಸಿ, ಎಣ್ಣೆ ಸವರಿ, ಕಾದ ಜಾಲರಿಯ ಮೇಲೆ ಇಟ್ಟೆ. ಚುರ್ ಎಂದಿತು.

ಈಗ ಮಗುಚಬೇಕು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಡೆದದ್ದೂ ನಿಧಾನವಾಗಿಯೇ. ಕೋಳಿಯನ್ನು ಎಷ್ಟು ಸಲ ಬೇಕಾದರೂ ಹೊರಳಿಸಬಹುದು. ನೆಲದ ಪ್ರಾಣಿ ತನ್ನ ಭಾರ ತಾನೇ ಹೊರಬೇಕು, ಮೈಯೆಲ್ಲ ಬಿಗಿ. ಮೀನಿನ ಭಾರವನ್ನು ನೀರು ಹೊರುತ್ತದೆ. ಬೆಂದ ಕೂಡಲೇ ಎಸಳೆಸಳಾಗಿ ಬಿಡುತ್ತದೆ. ಇತ್ತ ಅದರ ಚರ್ಮ ಬಿಸಿ ಕಬ್ಬಿಣವನ್ನು ಕಚ್ಚಿಕೊಂಡಿರುತ್ತದೆ. ಚರ್ಮ ಒಣಗಿ ಕೆಂಪಗಾದ ಮೇಲೆ ತಾನೇ ಹಿಡಿತ ಸಡಿಲಿಸುತ್ತದಂತೆ, ಅಲ್ಲಿಯವರೆಗೆ ಮುಟ್ಟಬಾರದಂತೆ. ‘ಅಪ್ಪ, ಮೀನು ರೆಡಿಯಾದಾಗ ಮೀನೇ ಬಿಡುತ್ತೆ ಅಂತಿದೆ’ ಎಂದು ಮಗಳು ಓದಿದಳು. ಅಂದರೆ ಇಷ್ಟು ದುಡ್ಡು ಕೊಟ್ಟು ತಂದ ನಾನಲ್ಲ, ಸತ್ತ ಮಾಂಜಿ ತೀರ್ಮಾನಿಸಬೇಕು.

ಹೆಣ್ಣು ನೋಡಿ ಬಂದ ಮನೆಯವರು ಆ ಕಡೆಯ ಉತ್ತರಕ್ಕೆ ಕಾಯುವಂತೆ ನಾವು ಮೂವರೂ ಅಗ್ಗಿಷ್ಟಿಕೆಯ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಹಳೆಯ ಮದುವೆ ಕರೆಯೋಲೆಯೊಂದರಲ್ಲಿ ಗಾಳಿ ಹಾಕುತ್ತಿದ್ದೆ. ಸೌಟಿನ ತುದಿಯಿಂದ ಬಾಲದ ಬಳಿ ಮೆಲ್ಲಗೆ ವಿಚಾರಿಸಿದೆ. ಬಿಡಲಿಲ್ಲ. ತಲೆಯ ಕಡೆಯಿಂದ ಕೇಳಿದೆ. ಇಲ್ಲ. ಹೆಂಡತಿ ‘ಎತ್ತಿಬಿಡ್ರೀ’ ಎಂದಳು. ಮಗಳು ‘ಮುಟ್ಟಬೇಡಿ’ ಎಂದಳು. ಮೀನಿನ ಕಣ್ಣು ಬೆಳ್ಳಗಾಗಿ ಹೊರಬಂದು ನನ್ನನ್ನೇ ನೋಡತೊಡಗಿತು. ಇದೇ ಸಮಯಕ್ಕೆ ಊರಿನಿಂದ ಅಮ್ಮನ ಫೋನು. ವಿಷಯ ಹೇಳಿದೆ.

‘ಎಂತದಾ ಅದ್? ಖಾರ ಹಾಕುಕಿಲ್ಯಾ?’

ಇಲ್ಲವೆಂದೆ. ಕೆಂಡದ ಮೇಲೆ ಸುಡುವುದು, ನಿಂಬೆಹಣ್ಣು, ಸೊಪ್ಪು ಅಷ್ಟೇ ಎಂದೆ. ಆ ಕಡೆ ಒಂದು ಕ್ಷಣ ಮೌನ.

‘ನಿನ್ನಜ್ಜಿ ಒಲಿ ಕೆಂಡದಲ್ಲ್ ಒಣ್‌ಮೀನ್ ಸುಟ್ಟ್ ಗಂಜಿಗೆ ಹಾಕ್ತಿದ್ರ್, ಅದೇ ಅಲ್ದಾ? ಅದ್ ಮಾಡುಕೆ ಪೋನ್ ಕಾಣ್ಕಾ?’

ಅಮ್ಮ ಫೋನಿಟ್ಟ ಮೇಲೆ ಗಾಳಿ ಹಾಕುತ್ತಾ ಬೇಡದ್ದೆಲ್ಲ ನೆನಪಾಯಿತು. ಈ ಮನೆ ಸಿಗುವ ಮೊದಲು ನೋಡಿದ ಮನೆಗಳಲ್ಲಿ ನನ್ನ ಹೆಸರಿಗಿಂತ ಮೊದಲು ಕೇಳಿದ್ದು ‘ನೀವು ವೆಜ್ಜಾ, ನಾನ್‌ವೆಜ್ಜಾ?’ ಊಟ ವಿಚಾರಿಸುವ ನೆಪದಲ್ಲಿ ವಿಚಾರಿಸುತ್ತಿರುವುದು ಬೇರೆಯದನ್ನು ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಒಂದು ಕಡೆ ಮುಂಗಡ ಕೊಡಲು ನೋಟು ಎಣಿಸುತ್ತಿದ್ದೆ. ಕುಂದಾಪುರ ಎಂದು ಕಿವಿಗೆ ಬಿದ್ದದ್ದೇ ಅವರ ಮುಖ ಬದಲಾಯಿತು, ಮನೆ ಬೇರೆಯವರಿಗೆ ಮಾತಾಗಿದೆ ಎಂದರು. ಗೇಟಿನ ಮೇಲೆ ‘ಟು ಲೆಟ್’ ಬೋರ್ಡು ಮತ್ತೆ ಎಷ್ಟೋ ವಾರ ತೂಗುತ್ತಿತ್ತು. ಮಗಳು ಆಗ ಚಿಕ್ಕವಳು. ಸ್ಕೂಲಿನ ಡಬ್ಬಿಯಲ್ಲಿ ಮೀನು ಬೇಡ ಎಂದು ತಾನಾಗಿಯೇ ಹೇಳಲು ಶುರುಮಾಡಿದ್ದು ಅದೇ ವರ್ಷ. ಯಾರು ಏನಂದರು ಎಂದು ನಾನು ಕೇಳಲಿಲ್ಲ.

‘ಅಪ್ಪ! ಬಿಡ್ತು!’

ನಿಜವಾಗಿಯೂ ಬಿಟ್ಟಿತ್ತು. ಬಾಲ ತಾನಾಗಿ ಎದ್ದಿತ್ತು. ಉಸಿರು ಬಿಗಿಹಿಡಿದು, ಎರಡು ಸೌಟು ಅಡಿಗೆ ತೂರಿಸಿ, ಮನೆದೇವರನ್ನು ನೆನೆದು ಮಗುಚಿದೆ. ಇಡೀ ಮೀನು, ಒಂದೆಸಳೂ ಉದುರದೆ, ಮೈತುಂಬ ಕಂದು ಗೆರೆಗಳೊಂದಿಗೆ ಮಗ್ಗುಲಾಯಿತು. ನನ್ನ ಹೆಂಡತಿ, ನಾನು ಬಡ್ತಿ ಪಡೆದ ದಿನವೂ ಸುಮ್ಮನಿದ್ದವಳು, ಚಪ್ಪಾಳೆ ತಟ್ಟಿದಳು.

ಆ ಚಪ್ಪಾಳೆ ಕೇಳಿಯೇ ಇರಬೇಕು, ಓನರಮ್ಮ ಮೆಟ್ಟಿಲು ಹತ್ತಿ ಬಂದರು. ನನಗೆ ಕೈಕಾಲಾಡಲಿಲ್ಲ. ಮಂಡ್ಯದವಳು ಸ್ಟೀಲ್ ಬೋಗುಣಿಯೊಂದನ್ನು ಮೀನಿನ ಮೇಲೆ ಬೋರಲು ಹಾಕಿ, ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ‘ಬನ್ನಿಮ್ಮ, ಜೋಳ ಸುಡ್ತಿದೀವಿ’ ಎಂದಳು. ಇಷ್ಟು ವರ್ಷ ಇವಳು ನನಗೆ ಹೇಳಿದ್ದರಲ್ಲಿ ಎಷ್ಟು ನಿಜ ಎಂಬ ಹೊಸ ಯೋಚನೆ ನನಗೆ ಆಗಲೇ ಬಂದದ್ದು.

ಓನರಮ್ಮ ಮೂಗರಳಿಸಿದರು. ‘ಸಬ್ಬಸಿಗೆ ಘಮ ಅಂತಿದೆ! ಜೋಳಕ್ಕೂ ಹಾಕ್ತಾರಾ? ನಮಗೂ ಒಂದು ತೆನೆ ಕಳಿಸಿ. ಎಳೇದಿರಲಿ, ಹಲ್ಲಿಲ್ಲ’ ಎಂದು ಒಣಗಿದ ಸೀರೆ ತೆಗೆದುಕೊಂಡು ಇಳಿದುಹೋದರು.

ಮೀನು ಚೆನ್ನಾಗಿತ್ತು. ಮಗಳು ಮಾವಿನಮಿಡಿ ಉಪ್ಪಿನಕಾಯಿಯ ರಸ ಹಚ್ಚಿಕೊಂಡು ತಿಂದಳು, ಹೆಂಡತಿ ಅಚ್ಚ ಖಾರದಪುಡಿ ಉದುರಿಸಿಕೊಂಡಳು, ನಾನು ಹಾಗೆಯೇ ತಿಂದು ಚೆನ್ನಾಗಿದೆ ಎಂದು ಹಲವು ಸಲ ಹೇಳಿದೆ. ಮೀನು ಸುಟ್ಟ ಜಾಲರಿಯಲ್ಲಿ ಓನರಮ್ಮನಿಗೆ ಜೋಳ ಸುಟ್ಟು ಕೊಡುವಷ್ಟು ನಾನು ಕೆಟ್ಟಿಲ್ಲ. ಬೀದಿ ಕೊನೆಯ ತಳ್ಳುಗಾಡಿಯಿಂದ ಬಿಸಿಬಿಸಿ ತೆನೆಯೊಂದನ್ನು ತಂದು, ಸಬ್ಬಸಿಗೆ ಮೆತ್ತಿ, ತಟ್ಟೆಯಲ್ಲಿಟ್ಟು ಒಯ್ದುಕೊಟ್ಟೆ. ಅವರಿಗೆ ಬಹಳ ಹಿಡಿಸಿತಂತೆ. ಮುಂದಿನ ಭಾನುವಾರ ಮಗಳು, ಅಳಿಯ, ಮೊಮ್ಮಕ್ಕಳು ಬರುತ್ತಾರಂತೆ. ಎಲ್ಲರ ಎದುರಿಗೇ ತಾರಸಿಯ ಮೇಲೆ ಆರು ತೆನೆ ಸುಡಬೇಕಂತೆ. ತಳ್ಳುಗಾಡಿಯವನನ್ನು ಗಾಡಿ ಸಮೇತ ಮೇಲೆ ಹತ್ತಿಸಲು ಎಷ್ಟು ಕೇಳುತ್ತಾನೆಂದು ವಿಚಾರಿಸುತ್ತಿದ್ದೇನೆ.